ಕಲಿಸುವ ಕೈಯೂ ದಾಸೋಹದ ಕೈಯೇ
(ಮಾಸಿಕ ಶಿವಾನುಭವ ಗೋಷ್ಠಿಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಹೊತ್ತು ನಿಮ್ಮ ಮುಂದೆ ದೊಡ್ಡ ಶಾಸ್ತ್ರದ ಮಾತನ್ನು ಹೇಳಬೇಕೆಂದು ನಾವು ಕುಳಿತಿಲ್ಲ. ಇಟ್ಟಿಗೆ, ಮರಳು, ಕರಣೆ, ತೂಗುಗುಂಡು ಇವುಗಳ ಮಾತನ್ನು ಹೇಳಬೇಕಾಗಿದೆ. ಮಠದಲ್ಲಿ ಕುಳಿತು ಗೌಂಡಿ ಕೆಲಸದ ಮಾತೇ ಎಂದು ಕೆಲವರಿಗೆ ಅನ್ನಿಸೀತು. ಆದರೆ ಕಲ್ಯಾಣದಲ್ಲಿ ಶರಣರೆಂದು ಕೂಡಿದವರು ಯಾರು? ಅಂಬಿಗರ ಚೌಡಯ್ಯನವರು ದೋಣಿ ನಡೆಸಿದವರು; ಮೇದಾರ ಕೇತಯ್ಯನವರು ಬಿದಿರು ಸೀಳಿದವರು; ನುಲಿಯ ಚಂದಯ್ಯನವರು ಹಗ್ಗ ಹೊಸೆದವರು. ಮರ ಕೆತ್ತುವ ಬಾಚಿಯನ್ನು ತಮ್ಮ ಹೆಸರಿನಲ್ಲಿಯೇ ಉಳಿಸಿಕೊಂಡ ಬಾಚಿಕಾಯಕದ ಬಸವಯ್ಯನವರು ಬಡಗಿಗಳು. ಸೊನ್ನಲಿಗೆಯ, ಅಂದರೆ ಇಂದಿನ ಸೊಲ್ಲಾಪುರದ, ಸಿದ್ಧರಾಮೇಶ್ವರರು ಕೆರೆ ಕಟ್ಟಿಸಿದವರು. ಆದ್ದರಿಂದ ಕಟ್ಟುವ ಕೆಲಸದ ಮಾತು ಈ ಜಾಗಕ್ಕೆ ಹೊರಗಿನದಲ್ಲ, ಒಳಗಿನದೇ.

ಈ ಮಾತನ್ನು ಎತ್ತಿಕೊಳ್ಳಲು ಒಂದು ಕಾರಣ ಉಂಟು. ಅದರಲ್ಲಿ ನಮ್ಮ ತಪ್ಪೂ ಇದೆ. ಅದನ್ನೇ ಮೊದಲು ಹೇಳಿಬಿಡುತ್ತೇವೆ.

ಕಳೆದ ವರ್ಷ ಒಬ್ಬ ತಾಯಿ ಮಗನನ್ನು ಕರೆದುಕೊಂಡು ಮಠಕ್ಕೆ ಬಂದಳು. “ಅಪ್ಪಾರ, ಮಗಾ ಬಿ.ಎ. ಪಾಸಾಗಿ ಮೂರು ವರ್ಷ ಆತ್ರಿ. ಮನ್ಯಾಗ ಕುಂತಾನ. ಅರ್ಜಿ ಹಾಕಿ ಹಾಕಿ ಸಾಕಾತು. ಏನರ ಒಂದು ದಾರಿ ತೋರಸ್ರಿ” ಎಂದಳು. ಹುಡುಗ ತಲೆ ತಗ್ಗಿಸಿ ನಿಂತಿದ್ದ. “ಕಟ್ಟಡದ ಕೆಲಸ ಕಲಿಯುತ್ತೀಯೇನಪ್ಪಾ?” ಎಂದು ಕೇಳಿದೆವು. “ಕಲೀತೀನ್ರಿ” ಎಂದ. ಮಠದ ಭಕ್ತರೊಬ್ಬರು ಗುತ್ತಿಗೆದಾರರಿದ್ದಾರೆ. ಅವರಿಗೆ ಒಂದು ಪತ್ರ ಬರೆದು, ಹುಡುಗನಿಗೆ ವಿಭೂತಿ ಕೊಟ್ಟು ಕಳಿಸಿದೆವು. ನಮ್ಮ ಕೆಲಸ ಮುಗಿಯಿತೆಂದು ಸಮಾಧಾನಪಟ್ಟೆವು.

ಐದನೆಯ ದಿನ ಹುಡುಗ ತಿರುಗಿ ಬಂದ. ನಮಗೆ ಸಿಟ್ಟು ಬಂತು. “ದುಡಿಯಲಾರದೆ ಓಡಿ ಬಂದೆಯಾ?” ಎಂದು ಗದರಿಸಿದೆವು. ಆಗ ಅವನು ಹೇಳಿದ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. “ಅಪ್ಪಾರ, ನಾ ಕೆಲಸಕ್ಕ ಹೆದರಿಲ್ರಿ. ನಾಕ ದಿನಾ ಬುಟ್ಟಿ ಹೊತ್ತೀನಿ. ನಾಕ ದಿನದಾಗ ನನ್ನ ಹೆಸರು ಯಾರೂ ಕೇಳಲಿಲ್ಲ. ಏನು ಮಾಡಾಕತ್ತೀವಿ, ಯಾಕ ಮಾಡಾಕತ್ತೀವಿ ಅನ್ನೂದನ್ನ ಯಾರೂ ಹೇಳಲಿಲ್ಲ. ಅಲ್ಲೊಬ್ಬ ಅಣ್ಣ ಅದಾನ್ರಿ, ಹತ್ತ ವರ್ಷದಿಂದ ಬುಟ್ಟೀನ ಹೊರಾಕತ್ತಾನ. ಅವನ್ನ ನೋಡಿ ನನಗ ಹೆದರಿಕಿ ಆತು.”

ಬಂಧುಗಳೆ, ಈ ಹೆದರಿಕೆ ಸೋಮಾರಿಯ ಹೆದರಿಕೆಯಲ್ಲ, ವಿವೇಕದ ಹೆದರಿಕೆ. ನಾವು ಅವನನ್ನು ಕಲಿಯಲು ಕಳಿಸಿದ್ದೇವೆಂದು ತಿಳಿದಿದ್ದೆವು. ನಿಜವಾಗಿ ಹೊರಲು ಕಳಿಸಿದ್ದೆವು. ಹೊರುವುದಕ್ಕೂ ಕಲಿಯುವುದಕ್ಕೂ ನಡುವೆ ಇರುವ ಅಂತರ ಏನೆಂದು ಆ ದಿನ ನಮಗೆ ಹೊಳೆಯಿತು. ಕೆಲಸ ಎರಡರಲ್ಲಿಯೂ ಒಂದೇ. ಬುಟ್ಟಿ ಅದೇ, ಬಿಸಿಲು ಅದೇ, ಬೆವರು ಅದೇ. ಆದರೆ ಕಲಿಯುವವನ ಎದುರಿಗೆ “ನಿನಗೆ ಕಲಿಸುವುದು ನನ್ನ ಹೊಣೆ” ಎಂದು ಒಪ್ಪಿಕೊಂಡ ಒಬ್ಬ ಮನುಷ್ಯನಿರುತ್ತಾನೆ. ಹೊರುವವನಿಗೆ ಅಂಥವನಿಲ್ಲ. ಅಷ್ಟೇ ವ್ಯತ್ಯಾಸ. ಆ ಒಬ್ಬ ಮನುಷ್ಯನಿಲ್ಲದಿದ್ದರೆ ಹತ್ತು ವರ್ಷ ದುಡಿದರೂ ಆಳು ಆಳಾಗಿಯೇ ಉಳಿಯುತ್ತಾನೆ.

ಅಪ್ರೆಂಟಿಸ್ ಎಂಬ ಇಂಗ್ಲಿಷ್ ಶಬ್ದವನ್ನು ನೀವೆಲ್ಲ ಕೇಳಿದ್ದೀರಿ. ಸರ್ಕಾರದ ಕನ್ನಡದಲ್ಲಿ ಅವನನ್ನು ಶಿಶಿಕ್ಷು ಎನ್ನುತ್ತಾರೆ. ಮುಮುಕ್ಷು ಎಂದರೆ ಮುಕ್ತಿಯನ್ನು ಬಯಸುವವನು. ಜಿಜ್ಞಾಸು ಎಂದರೆ ತಿಳಿಯಬಯಸುವವನು. ಶಿಶಿಕ್ಷು ಎಂದರೆ ಕಲಿಯಬಯಸುವವನು. ಎಷ್ಟು ಒಳ್ಳೆಯ ಶಬ್ದ! ಬಯಸುವವನು ಒಬ್ಬನಿದ್ದರೆ ಕೊಡುವವನೂ ಒಬ್ಬನಿರಬೇಕು ಎಂಬುದು ಆ ಶಬ್ದದಲ್ಲಿಯೇ ಅಡಗಿದೆ. ನಮ್ಮ ದೇಶದಲ್ಲಿ 1961ರಲ್ಲಿಯೇ ಇದಕ್ಕಾಗಿ ಒಂದು ಕಾಯಿದೆ ಆಯಿತು. ಅದರ ಸಾರವೇನು? ಕಲಿಯುವವನಿಗೂ ಕೆಲಸ ಕೊಡುವವನಿಗೂ ಬರವಣಿಗೆಯಲ್ಲಿ ಒಂದು ಕರಾರು ಆಗಬೇಕು. ಕಲಿಯುವ ಕಾಲ ಇಷ್ಟೆಂದು ಗೊತ್ತಾಗಿರಬೇಕು. ಆ ಕಾಲದಲ್ಲಿ ಅವನಿಗೆ ತಿಂಗಳ ವೇತನ ಸಲ್ಲಬೇಕು. ಕಲಿಸುವುದು ಮಾಲಿಕನ ಕರ್ತವ್ಯ. 30 ಅಥವಾ ಅದಕ್ಕೂ ಹೆಚ್ಚು ಜನ ದುಡಿಯುವ ಸಂಸ್ಥೆಗಳು ತಮ್ಮ ಸಂಖ್ಯೆಯ ನೂರಕ್ಕೆ 2.5ರಿಂದ 15ರವರೆಗೆ ಅಪ್ರೆಂಟಿಸರನ್ನು ತೆಗೆದುಕೊಳ್ಳಬೇಕೆಂದು ನಿಯಮವಿದೆ. 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಅಪ್ರೆಂಟಿಸ್ ಪ್ರೋತ್ಸಾಹ ಯೋಜನೆಯನ್ನು ತಂದು, ವೇತನದ ಕಾಲು ಭಾಗವನ್ನು, ತಿಂಗಳಿಗೆ 1500 ರೂಪಾಯಿಗಳ ಮಿತಿಯೊಳಗೆ, ತಾನು ಭರಿಸಲು ಮುಂದೆ ಬಂದಿತು. ಇದು ದೊಡ್ಡ ಕಂಪನಿಗಳಿಗೆ ಒಪ್ಪುವ ಮಾತಾಯಿತು. ಆದರೆ ನಮ್ಮ ಊರುಗಳಲ್ಲಿ ಮನೆ ಕಟ್ಟುವವರು ಯಾರು? ನಾಲ್ಕೈದು ಜನರನ್ನು ಕೂಡಿಸಿಕೊಂಡ ಒಬ್ಬ ಗೌಂಡಿ. ಅವನಲ್ಲಿ ಕಚೇರಿಯಿಲ್ಲ, ಕರಾರಿನ ಕಾಗದವಿಲ್ಲ. ಅಲ್ಲಿ ಕಲಿಯುವವನ ಗತಿಯೇನು?

ಇದನ್ನು ತಿಳಿಯಬೇಕೆಂದು ನಾವು ಒಬ್ಬ ಹಿರಿಯ ಗೌಂಡಿಯನ್ನು ಕರೆಸಿದೆವು. ಪ್ರಸಾದನಿಲಯದ ಹಿಂದಿನ ಗೋಡೆ ಬಿದ್ದಿತ್ತು. ಅದನ್ನು ಕಟ್ಟಲು ಬಂದವನು ಅವನು. “ಈ ಹುಡುಗನನ್ನು ಜೊತೆಗೆ ಇಟ್ಟುಕೊಂಡು ಕಲಿಸಪ್ಪಾ” ಎಂದೆವು. ಅವನು ತಲೆಯ ವಸ್ತ್ರ ತೆಗೆದು, ನಮಸ್ಕರಿಸಿ, ಮುಚ್ಚುಮರೆಯಿಲ್ಲದೆ ಹೇಳಿದ: “ಕಲಸ್ತೀನ್ರಿ ಅಪ್ಪಾರ. ಆದ್ರ ಮೊದಲನೇ ತಿಂಗಳ ಇವನಿಂದ ನನಗ ನಷ್ಟ. ಇವ ಕಟ್ಟಿದ್ದನ್ನ ನಾ ಬಿಚ್ಚಿ ಕಟ್ಟಬೇಕು. ಮಾತಾಡಕೋಂತ ನಿಂತ್ರ ನನ್ನ ಕೆಲಸ ನಿಲ್ತದ. ಆ ಹೊತ್ತಿನ ಪಗಾರ ಯಾರು ಕೊಡ್ತೀರಿ?”

ಎಷ್ಟು ಸತ್ಯವಾದ ಮಾತು, ನೋಡಿ! ಕಲಿಸಲು ಯಾರೂ ಮುಂದೆ ಬರುವುದಿಲ್ಲ ಎಂದು ನಾವು ದೂರುತ್ತೇವೆ. ಗೌಂಡಿಗಳು ವಿದ್ಯೆಯನ್ನು ಬಚ್ಚಿಡುತ್ತಾರೆ ಎನ್ನುತ್ತೇವೆ. ಬಚ್ಚಿಡುವುದಲ್ಲ ಅದು. ಕಲಿಸುವುದಕ್ಕೆ ಹೊತ್ತು ಬೇಕು, ಹೊತ್ತಿಗೆ ಬೆಲೆ ಇದೆ. ದಿನಗೂಲಿಯ ಮನುಷ್ಯ ಆ ಬೆಲೆಯನ್ನು ತನ್ನ ಮಕ್ಕಳ ರೊಟ್ಟಿಯಲ್ಲಿ ತೆರಬೇಕಾಗುತ್ತದೆ. ಮನೆ ಕಟ್ಟಿಸುವವರು ಬೇಗ ಆಗಲಿ ಎನ್ನುತ್ತಾರೆ. ಗುತ್ತಿಗೆದಾರರು ಅಗ್ಗವಾಗಲಿ ಎನ್ನುತ್ತಾರೆ. ಕಲಿಯುವ ಹುಡುಗನ ಮೊದಲ ಮೂರು ತಿಂಗಳ ಭಾರವನ್ನು ಹೊರಲು ಯಾರೂ ಇಲ್ಲ. ಹೀಗಾಗಿ ಬಾಗಿಲಲ್ಲಿಯೇ ಹುಡುಗರು ಹಿಂದಿರುಗುತ್ತಾರೆ. ಈ ಭಾರವನ್ನು ಹೊರುವುದೇ ಇಂದಿನ ದಾಸೋಹ ಎಂದು ನಾವು ನಿಮಗೆ ಹೇಳಬಯಸುತ್ತೇವೆ.

ಆ ಗೌಂಡಿಗೆ ಮಠದಿಂದ ಮೂರು ತಿಂಗಳು ದಿನಕ್ಕೆ ಒಂದು ಗಂಟೆಯ ಪಗಾರವನ್ನು ಹೆಚ್ಚಾಗಿ ಕೊಡುವುದೆಂದು ನಿಶ್ಚಯವಾಯಿತು. ಒಂದೇ ಕರಾರು: ಏನು ಹೇಳಿದರೂ ಯಾಕೆ ಎಂಬುದನ್ನೂ ಹೇಳತಕ್ಕದ್ದು. ನಾವು ಸಂಜೆಯ ಹೊತ್ತು ಅಲ್ಲಿಗೆ ಹೋಗಿ ನಿಂತು ಕೇಳುತ್ತಿದ್ದೆವು. “ಇಟ್ಟಿಗೆಯನ್ನು ನೀರಿನಲ್ಲಿ ನೆನೆಸು” ಎಂದು ಎಲ್ಲ ಆಳುಗಳಿಗೂ ಹೇಳುತ್ತಾರೆ. ಇವನಿಗೆ ಕಾರಣವನ್ನೂ ಹೇಳಿದ: ಒಣ ಇಟ್ಟಿಗೆ ಬಾಯಾರಿದ ಎತ್ತಿನ ಹಾಗೆ, ಗಾರೆಯೊಳಗಿನ ನೀರನ್ನು ತಾನೇ ಕುಡಿದುಬಿಡುತ್ತದೆ, ಗಾರೆ ಹಿಡಿಯದೆ ಪುಡಿಯಾಗುತ್ತದೆ. ಗೋಡೆಗೆ ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು. ಮರಳಿನಲ್ಲಿ ಮಣ್ಣಿದ್ದರೆ ಮುಷ್ಟಿಯಲ್ಲಿ ಹಿಂಡಿ ನೋಡು, ಅಂಗೈಗೆ ಕೆಸರು ಹತ್ತುತ್ತದೆ. ಮೇಲಿನ ಸಾಲಿನ ಸಂದು ಕೆಳಗಿನ ಸಾಲಿನ ಸಂದಿನ ಮೇಲೆ ಬರಬಾರದು. ಬಂದರೆ ಗೋಡೆ ಅಲ್ಲಿಯೇ ಸೀಳುತ್ತದೆ.

ಒಂದು ದಿನ ಪಾಯದ ಮೂಲೆ ಹಿಡಿಯುವುದನ್ನು ತೋರಿಸಿದ. ಒಂದು ದಾರದ ಮೇಲೆ ಮೂರು ಅಡಿಗೆ ಗುರುತು, ಇನ್ನೊಂದರ ಮೇಲೆ ನಾಲ್ಕು ಅಡಿಗೆ ಗುರುತು. ಎರಡು ಗುರುತುಗಳ ನಡುವೆ ಅಡ್ಡ ಅಳೆದರೆ ಸರಿಯಾಗಿ ಐದು ಅಡಿ ಬರಬೇಕು. ಬಂದರೆ ಮೂಲೆ ಕಾಟಕೋನ. ಬಾರದಿದ್ದರೆ ಇಡೀ ಮನೆಯೇ ಸೊಟ್ಟ. ಹುಡುಗ ಬೆರಗಾಗಿ ನಿಂತ. “ಅಪ್ಪಾರ, ಇದನ್ನ ಸಾಲ್ಯಾಗ ಪೈಥಾಗೊರಸ್ಸನ ಪ್ರಮೇಯ ಅಂತ ಬಾಯಿಪಾಠ ಮಾಡಿದ್ದೆ. ಇದು ಮನಿ ಕಟ್ಟಾಕ ಬರ್ತದ ಅಂತ ಯಾರೂ ಹೇಳಿರಲಿಲ್ಲ” ಎಂದ. ಗೌಂಡಿಗೆ ಪೈಥಾಗೊರಸ್ಸನ ಹೆಸರು ಗೊತ್ತಿರಲಿಲ್ಲ. ಹುಡುಗನಿಗೆ ದಾರ ಹಿಡಿಯುವುದು ಗೊತ್ತಿರಲಿಲ್ಲ. ಅಂದು ಇಬ್ಬರೂ ಕಲಿತರು.

ಸಿಮೆಂಟಿನ ಒಂದು ಗುಣವನ್ನು ನೀವೆಲ್ಲ ತಿಳಿಯಬೇಕು. ಅದು ಒಣಗಿ ಗಟ್ಟಿಯಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಹಾಗಲ್ಲ. ನೀರನ್ನು ಒಳಗೆ ತೆಗೆದುಕೊಂಡು, ನೀರಿನೊಡನೆ ಕೂಡಿ ಅದು ಗಟ್ಟಿಯಾಗುತ್ತದೆ. ಆದ್ದರಿಂದಲೇ ಹೊಸ ಗೋಡೆಗೆ ಏಳು ದಿನವಾದರೂ ನೀರು ಉಣಿಸಬೇಕು. ಮೊದಲ ವಾರ ನೀರು ತಪ್ಪಿದರೆ ಆಮೇಲೆ ಕೊಡಗಟ್ಟಲೆ ಸುರಿದರೂ ಹೋದ ಬಲ ಪೂರ್ಣವಾಗಿ ಬರುವುದಿಲ್ಲ. ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗನೂ ಹಾಗೆಯೇ. ಮೊದಲ ದಿನಗಳಲ್ಲಿ ಒಂದು ಮಾತು, ಒಂದು ತುತ್ತು, ಬಸ್ಸಿನ ಹಣ, ಹೆಸರು ಹಿಡಿದು ಕರೆಯುವ ಒಂದು ದನಿ, ಇಷ್ಟು ದೊರೆತರೆ ನಿಲ್ಲುತ್ತಾನೆ. ಆ ಹೊತ್ತು ತಪ್ಪಿದರೆ ಆಮೇಲೆ ನಾವು ಎಷ್ಟು ಉಪದೇಶ ಮಾಡಿದರೂ ವ್ಯರ್ಥ.

ಈಗ ತಂದೆತಾಯಿಗಳಿಗೆ ಒಂದು ಮಾತು. ನಿಮಗೆ ಕಠಿಣವೆನಿಸಿದರೂ ಹೇಳಲೇಬೇಕು. ಮಗ ಗೌಂಡಿಯಾದರೆ ಮರ್ಯಾದೆ ಹೋಗುತ್ತದೆ ಎನ್ನುತ್ತೀರಿ. ಜವಾನನ ನೌಕರಿಗಾಗಿ ಎರಡು ಎಕರೆ ಹೊಲ ಮಾರಿ ಯಾರದೋ ಕೈಗೆ ಹಣ ಕೊಡಲು ಸಿದ್ಧರಾಗುತ್ತೀರಿ. ಆ ಹಣ ಕೊಟ್ಟದ್ದರಿಂದ ಮರ್ಯಾದೆ ಹೋಗುವುದಿಲ್ಲವೆ? ಮಗಳಿಗೆ ವರ ನೋಡುವಾಗ ಬೆಳಿಗ್ಗೆಯಿಂದ ಸಂಜೆಯವರೆಗೆ ನೆಟ್ಟಗೆ ಗೋಡೆ ಎಬ್ಬಿಸುವವನು ಬೇಡ. ಕಟ್ಟೆಯ ಮೇಲೆ ಕುಳಿತ ಪದವೀಧರ ಬೇಕು. ಮನೆ ಕಟ್ಟಿಸುವಾಗ ಮಾತ್ರ ಒಳ್ಳೆಯ ಗೌಂಡಿ ಸಿಗುವುದಿಲ್ಲವೆಂದು ಊರೆಲ್ಲ ತಿರುಗುತ್ತೀರಿ. ನೀವೇ ಬೇಡವೆಂದದ್ದು ನಿಮಗೆ ಹೇಗೆ ಸಿಕ್ಕೀತು? ಕಾಯಕದಲ್ಲಿ ಮೇಲುಕೀಳಿಲ್ಲವೆಂದು ಬಾಯಲ್ಲಿ ಹೇಳಿ, ಬೀಗತನ ಮಾಡುವಾಗ ಮೇಲುಕೀಳು ಎಣಿಸುವವರು ಶರಣರ ಹೆಸರು ಹೇಳಲು ನಾಚಬೇಕು.

ತಾಯಂದಿರ ಬಗ್ಗೆಯೂ ಹೇಳಬೇಕು. ಯಾವ ಕಟ್ಟಡದ ಹತ್ತಿರ ಹೋದರೂ ಬುಟ್ಟಿ ಹೊರುವ ಹೆಣ್ಣುಮಕ್ಕಳನ್ನು ಕಾಣುತ್ತೇವೆ. ಇಪ್ಪತ್ತು ವರ್ಷ, ಮೂವತ್ತು ವರ್ಷ ಗಾರೆ ಕಲಸಿ ಕೊಡುತ್ತಾರೆ. ಕರಣೆಯನ್ನು ಮಾತ್ರ ಅವರ ಕೈಗೆ ಯಾರೂ ಕೊಡುವುದಿಲ್ಲ. ಜಾರ್ಖಂಡ ರಾಜ್ಯದಲ್ಲಿ ಶೌಚಾಲಯಗಳನ್ನು ಕಟ್ಟುವ ಅಭಿಯಾನ ನಡೆದಾಗ ಸಾವಿರಾರು ಹಳ್ಳಿಯ ಹೆಣ್ಣುಮಕ್ಕಳು ಗೌಂಡಿ ಕೆಲಸ ಕಲಿತರು. ಜನ ಅವರನ್ನು ‘ರಾಣಿ ಮಿಸ್ತ್ರಿ’ ಎಂದು ಕರೆದರು. ಅಲ್ಲಿ ಆದದ್ದು ಇಲ್ಲಿ ಏಕೆ ಆಗಬಾರದು? ಗಿಲಾವು, ಟೈಲ್ಸು, ಬಣ್ಣ, ವೈರಿಂಗು, ಇವುಗಳಲ್ಲಿ ಯಾವುದು ಹೆಣ್ಣುಮಕ್ಕಳ ಕೈಗೆ ಮೀರಿದ್ದು?

ಕಲಿಯಬೇಕೆನ್ನುವವರಿಗೆ ಇರುವ ದಾರಿಗಳನ್ನು ಈಗ ಹೇಳುತ್ತೇವೆ, ನೆನಪಿನಲ್ಲಿ ಇಟ್ಟುಕೊಳ್ಳಿರಿ. ಮೊದಲನೆಯದು ಐ.ಟಿ.ಐ. ಅಲ್ಲಿ ಎಲೆಕ್ಟ್ರಿಶಿಯನ್ ತರಬೇತಿ ಎರಡು ವರ್ಷದ್ದು. ಪ್ಲಂಬರ್, ಬಡಗಿ ಇವು ಒಂದು ವರ್ಷದವು. ಅಲ್ಲಿಂದ ಹೊರಬಂದವನು ಅಪ್ರೆಂಟಿಸನಾಗಿ ಸೇರಿದರೆ ಶಾಲೆಯ ಕಲಿಕೆಗೆ ಕೈಯ ಕಲಿಕೆ ಕೂಡುತ್ತದೆ. ಜರ್ಮನಿ ದೇಶದಲ್ಲಿ ಕಸುಬು ಕಲಿಯುವ ಹುಡುಗರು ಒಂದಷ್ಟು ಹೊತ್ತು ಶಾಲೆಯಲ್ಲಿ, ಉಳಿದ ಹೊತ್ತು ಕೆಲಸದ ಜಾಗದಲ್ಲಿ, ಹೀಗೆ ಎರಡನ್ನೂ ಒಟ್ಟಿಗೆ ನಡೆಸುತ್ತಾರೆ. ಎರಡನೆಯದು ಅಲ್ಪಾವಧಿಯ ತರಬೇತಿ. 1982ರಲ್ಲಿ ಉಜಿರೆಯಲ್ಲಿ ಧರ್ಮಸ್ಥಳದ ಶಿಕ್ಷಣ ಟ್ರಸ್ಟು ಮತ್ತು ಎರಡು ಬ್ಯಾಂಕುಗಳು ಕೂಡಿ ರುಡ್‌ಸೆಟ್ ಎಂಬ ಸಂಸ್ಥೆಯನ್ನು ಆರಂಭಿಸಿದವು. ಊಟ ವಸತಿಯೊಡನೆ ಉಚಿತವಾಗಿ ಕಸುಬು ಕಲಿಸುವ ಆ ಪದ್ಧತಿಯನ್ನು ಮುಂದೆ ದೇಶವೇ ಸ್ವೀಕರಿಸಿ, ಜಿಲ್ಲೆ ಜಿಲ್ಲೆಗಳಲ್ಲಿ ಬ್ಯಾಂಕುಗಳ ಮೂಲಕ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಗಳು ಆದವು. ಮೂರನೆಯದು, ಒಳ್ಳೆಯ ಗೌಂಡಿಯ ಕೈಕೆಳಗೆ ನಿಲ್ಲುವುದು. ಈ ಮೂರನೆಯ ದಾರಿಯಲ್ಲಿಯೇ ಹೆಚ್ಚಿನವರು ಹೋಗುವುದು. ಇದಕ್ಕೇ ನಮ್ಮ ನೆರವು ಹೆಚ್ಚು ಬೇಕು.

ಎಚ್ಚರಿಕೆಯ ಎರಡು ಮಾತು. ಹದಿನೆಂಟು ತುಂಬದ ಹುಡುಗನನ್ನು ಸಾರವೆಯ ಮೇಲೆ ಹತ್ತಿಸಬೇಡಿ. ಹತ್ತುವವನಿಗೆ ಹೆಲ್ಮೆಟ್ಟು, ಸೊಂಟದ ಬೆಲ್ಟು ಇರಲಿ. ಕಲಿಸುತ್ತೇವೆಂದು ಹೇಳಿ ಬಿಟ್ಟಿ ದುಡಿಸಿಕೊಳ್ಳುವವರೂ ಇದ್ದಾರೆ. ಮೂರು ತಿಂಗಳಾದರೂ ಕೈಗೆ ಕರಣೆ ಬಾರದಿದ್ದರೆ ಅದು ಕಲಿಕೆಯಲ್ಲವೆಂದು ತಿಳಿಯಿರಿ. ಇನ್ನೊಂದು: 1996ರ ಕಾನೂನಿನಿಂದ ಕಟ್ಟಡದ ವೆಚ್ಚದಲ್ಲಿ ನೂರಕ್ಕೆ ಒಂದರಂತೆ ಉಪಕರವನ್ನು ಕಾರ್ಮಿಕರ ಕಲ್ಯಾಣಕ್ಕೆಂದು ತೆಗೆದಿಡುವ ಪದ್ಧತಿ ಬಂದಿತು. ನಮ್ಮ ರಾಜ್ಯದ ಕಲ್ಯಾಣ ಮಂಡಳಿ 2007ರಲ್ಲಿ ಆಯಿತು. 18ರಿಂದ 60 ವರ್ಷದೊಳಗಿನವರು, ವರ್ಷದಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು, ಅದರಲ್ಲಿ ಹೆಸರು ನೋಂದಾಯಿಸಬಹುದು. ಹುಡುಗ 90 ದಿನ ಪೂರೈಸಿದ ಕೂಡಲೆ ಅವನ ನೋಂದಣಿ ಮಾಡಿಸಿಕೊಡಿ. ಕರಣೆ ಮುಟ್ಟದವರು ಆ ಕಾರ್ಡನ್ನು ಮಾಡಿಸಿಕೊಂಡಿದ್ದರೆ ಇಂದೇ ಹಿಂದಿರುಗಿಸಿರಿ. ಅದು ಸಾರವೆಯಿಂದ ಬಿದ್ದವನ ಮನೆಯ ಅನ್ನ.

ಕಳೆದ ಶತಮಾನದಲ್ಲಿ ನಮ್ಮ ನಾಡಿನ ಮಠಗಳು ಪ್ರಸಾದನಿಲಯಗಳನ್ನು ತೆರೆದು ಬಡಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ಕೊಟ್ಟವು. ಅದು ಸಣ್ಣ ಕೆಲಸವಲ್ಲ. ಆದರೆ ಅಕ್ಷರ ಕಲಿತವನ ಕೈಗೆ ಮುಂದೆ ಏನು ಕೊಡಬೇಕೆಂಬುದನ್ನು ನಾವು ಸಾಕಷ್ಟು ಯೋಚಿಸಲಿಲ್ಲ. ಪತ್ರ ಬರೆದು ಕೊಟ್ಟೆವು, ಜೊತೆಗೆ ಹೋಗಲಿಲ್ಲ. ಇದನ್ನು ತಿದ್ದಿಕೊಳ್ಳಬೇಕಾಗಿದೆ.

ಆದ್ದರಿಂದ ಈ ಸಭೆಯಲ್ಲಿ ನಿಮ್ಮಲ್ಲಿ ಬೇಡುತ್ತೇವೆ. ಮನೆ ಕಟ್ಟಿಸುವ ಭಕ್ತರು ಗೌಂಡಿಯೊಡನೆ ಮಾತನಾಡುವಾಗಲೇ ಹೇಳಿರಿ: ಈ ಮನೆಯ ಮೇಲೆ ಒಬ್ಬ ಹುಡುಗನೋ ಹುಡುಗಿಯೋ ಕಲಿಯಲಿ; ಅವರಿಗೆ ಕಲಿಸುವ ಹೊತ್ತಿನ ಪಗಾರವನ್ನು ನಾನು ಬೇರೆ ಕೊಡುತ್ತೇನೆ. ಗುತ್ತಿಗೆದಾರರು ವರ್ಷಕ್ಕೆ ಒಬ್ಬನನ್ನಾದರೂ ಕರಾರಿನ ಮೇಲೆ ತೆಗೆದುಕೊಳ್ಳಿರಿ. ನಿವೃತ್ತರಾದ ಇಂಜಿನಿಯರರೂ ಮಾಸ್ತರರೂ ರವಿವಾರ ಎರಡು ಗಂಟೆ ಮಠದ ಶಾಲೆಗೆ ಬನ್ನಿರಿ. ನಕ್ಷೆ ಓದುವುದು, ಅಳತೆ ಹಾಕುವುದು, ಎಷ್ಟು ಗೋಡೆಗೆ ಎಷ್ಟು ಇಟ್ಟಿಗೆಯೆಂದು ಲೆಕ್ಕ ಮಾಡುವುದನ್ನು ಹೇಳಿಕೊಡಿರಿ. ನಮ್ಮ ದರ್ಶನಕ್ಕೆ ಬರುವವರು ಹಾರ, ಶಾಲು ತರುವುದನ್ನು ಬಿಡಿರಿ. ಅವು ಮಠದಲ್ಲಿ ರಾಶಿ ಬಿದ್ದಿವೆ. ಒಂದು ಕರಣೆ, ಒಂದು ತೂಗುಗುಂಡು, ಒಂದು ರಸಮಟ್ಟ, ಒಂದು ಅಳತೆಯ ಟೇಪು, ಒಂದು ಹೆಲ್ಮೆಟ್ಟು ತನ್ನಿರಿ. ಕಲಿಯಲು ಬರುವವರಿಗೆ ಮೊದಲ ಮೂರು ತಿಂಗಳು ಊಟ ವಸತಿಯನ್ನು ಮಠ ನೋಡಿಕೊಳ್ಳುತ್ತದೆ. ಇನ್ನು ಮುಂದೆ ಮಠದಿಂದ ಬರಿಯ ಪತ್ರ ಹೋಗುವುದಿಲ್ಲ. ಮೊದಲ ದಿನ ಒಬ್ಬರು ಜೊತೆಗೆ ಹೋಗಿ, ಹುಡುಗನ ಹೆಸರು ಹೇಳಿ, ಗೌಂಡಿಯ ಕೈಗೆ ಒಪ್ಪಿಸಿ ಬರುತ್ತಾರೆ. ಎಂಟು ದಿನಕ್ಕೊಮ್ಮೆ ಹೋಗಿ ವಿಚಾರಿಸುತ್ತಾರೆ. ಈ ಕೆಲಸಕ್ಕೆ ಹೊತ್ತು ಕೊಡುವವರು ಮಂಗಲವಾದ ಮೇಲೆ ಕಚೇರಿಯಲ್ಲಿ ಹೆಸರು ಬರೆಯಿಸಿ ಹೋಗಿರಿ.

ಆ ಹುಡುಗ ಏನಾದ ಎಂದು ನೀವು ಕೇಳಬಹುದು. ಇಂದು ಈ ಗೋಷ್ಠಿಗೆ ಅವನು ಬಂದಿಲ್ಲ. ಪಕ್ಕದ ಊರಿನಲ್ಲಿ ಗಿಲಾವಿನ ಕೆಲಸ ನಡೆದಿದೆಯಂತೆ. ಅವನೂ ಅವನ ಗುರುವೂ ಅಲ್ಲಿದ್ದಾರೆ. ಅವನಿನ್ನೂ ಪೂರ್ಣ ಗೌಂಡಿಯಲ್ಲ; ಮೂಲೆ ತೆಗೆಯುವಾಗ ಕೈ ನಡುಗುತ್ತದೆಯೆಂದು ಗುರು ಹೇಳುತ್ತಾನೆ. ಕಲಿಯುತ್ತಾನೆ. ಮೊನ್ನೆ ಅವನು ಮಠಕ್ಕೆ ಬಂದಾಗ ನಾಲ್ಕು ದಿನ ತಾನು ಬುಟ್ಟಿ ಹೊತ್ತಲ್ಲಿ ಇದ್ದ ಆ ಅಣ್ಣನ ಮಾತು ತೆಗೆದ. “ಅವನಿಗೂ ಯಾರರ ಕಲಿಸಿದ್ರ ಆಗತಿತ್ತಲ್ರಿ ಅಪ್ಪಾರ?” ಎಂದ. ಹತ್ತು ವರ್ಷ ಹೊತ್ತವನಿಗೂ ಕಾಲ ಮೀರಿಲ್ಲ. ಅವನನ್ನೂ ಹುಡುಕಿ ಕರೆತರಲು ನಾವು ಹೇಳಿದ್ದೇವೆ. ಅವನಿಗೆ ಕಲಿಸುವವರು ಈ ಸಭೆಯಲ್ಲಿಯೇ ಇದ್ದಾರೆಂದು ನಂಬಿದ್ದೇವೆ.

ನಿಮ್ಮ ಮನೆಗಳು ಗಟ್ಟಿಯಾಗಿ ನಿಲ್ಲಲಿ, ಅವುಗಳನ್ನು ಕಟ್ಟುವವರ ಬಾಳೂ ಗಟ್ಟಿಯಾಗಿ ನಿಲ್ಲಲಿ ಎಂದು ಹಾರೈಸಿ ನಮ್ಮ ಮಾತುಗಳನ್ನು ಮುಗಿಸುತ್ತೇವೆ.